ಒಂದೇ ದೇಶ ಬೇಡ ಎಂದರೆ ಯುರೋಪ್ ನಿಲ್ಲುತ್ತದೆಯೇ?

ಪ್ರಶ್ನೆ: ಹಂಗೆರಿ ಒಂದೇ ವೀಟೊ ಹಾಕಿ ಯುರೋಪಿಯನ್ ಒಕ್ಕೂಟದ ಉಳಿದ 26 ದೇಶಗಳ ಕೈಕಟ್ಟಬಲ್ಲದು ಎನ್ನುತ್ತಾರೆ. ಬ್ರಸೆಲ್ಸ್ (ಒಕ್ಕೂಟದ ಕೇಂದ್ರಾಡಳಿತ) ನಮ್ಮ ಸಾರ್ವಭೌಮತ್ವ ಕಿತ್ತುಕೊಂಡಿತು ಎಂದು ಸದಸ್ಯ ದೇಶಗಳೇ ದೂರುತ್ತವೆ. ಯಾವುದು ನಿಜ?

ಉತ್ತರ: ಎರಡೂ ನಿಜ. ವಿಷಯ ಬದಲಾದಂತೆ ಮತದಾನದ ನಿಯಮವೂ ಬದಲಾಗುತ್ತದೆ. ತೆರಿಗೆ, ವಿದೇಶಾಂಗ ನೀತಿ, ರಕ್ಷಣೆ, ಹೊಸ ಸದಸ್ಯರ ಸೇರ್ಪಡೆ, ದೀರ್ಘಾವಧಿ ಬಜೆಟ್ ಇವಕ್ಕೆ ಸರ್ವಾನುಮತ ಬೇಕು. ಮಾರುಕಟ್ಟೆ, ಕೃಷಿ, ಪರಿಸರದಂಥ ಬಹುಪಾಲು ವಿಷಯಗಳಿಗೆ ಅರ್ಹ ಬಹುಮತ ಸಾಕು. ಅಲ್ಲಿ ವಿರೋಧಿಸಿ ಸೋತ ದೇಶವೂ ಕಾನೂನು ಪಾಲಿಸಲೇಬೇಕು. ದೂರು ಹುಟ್ಟುವುದು ಇಲ್ಲಿ.

ಅರ್ಹ ಬಹುಮತ ಎಂದರೆ ಶೇ 55ರಷ್ಟು ದೇಶಗಳು, ಅಂದರೆ 27ರಲ್ಲಿ 15. ಜೊತೆಗೆ ಅವುಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65 ಇರಬೇಕು. ಜರ್ಮನಿ, ಫ್ರಾನ್ಸ್, ಇಟಲಿ ಸೇರಿದರೆ ಶೇ 35 ದಾಟುತ್ತದೆ. ಆದರೂ ಈ ಮೂರೇ ನಿಂತು ಕಾನೂನು ತಡೆಯಲಾರವು, ಏಕೆಂದರೆ ತಡೆಗೆ ಕನಿಷ್ಠ ನಾಲ್ಕು ದೇಶ ಬೇಕು. ನಾಲ್ಕನೆಯದು ಪುಟ್ಟ ಮಾಲ್ಟಾ ಆದರೂ ನಡೆಯುತ್ತದೆ. ದೊಡ್ಡವರ ಕೂಟಕ್ಕೆ ಹಾಕಿದ ಒಳ್ಳೆಯ ಲಗಾಮು ಇದು.

ಹಲವರು ಎಡವುವುದು ತಟಸ್ಥ ಮತದ ಲೆಕ್ಕದಲ್ಲಿ. ಸರ್ವಾನುಮತ ಬೇಕಾದಲ್ಲಿ ತಟಸ್ಥರಾಗಿ ಉಳಿದರೆ ನಿರ್ಣಯಕ್ಕೆ ಅಡ್ಡಿಯಿಲ್ಲ. ಅರ್ಹ ಬಹುಮತದಲ್ಲಿ ಅದೇ ತಟಸ್ಥ ಮತ ವಿರೋಧ ಮತದಂತೆ ಕೆಲಸ ಮಾಡುತ್ತದೆ. 2023ರ ಡಿಸೆಂಬರ್‌ ಶೃಂಗಸಭೆಯಲ್ಲಿ ಉಕ್ರೇನ್ ಸದಸ್ಯತ್ವದ ಮಾತುಕತೆ ಆರಂಭಿಸುವ ತೀರ್ಮಾನದ ಹೊತ್ತಿಗೆ ಹಂಗೆರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಸಭೆಯಿಂದ ಎದ್ದು ಹೊರಹೋದರು. ಹೀಗೆ ಅವರು ಅಡ್ಡಿಪಡಿಸದೆ ಉಳಿದದ್ದರಿಂದ ಉಳಿದ 26 ನಾಯಕರು ತೀರ್ಮಾನಿಸಿದರು. ಅದೇ ಸಭೆಯಲ್ಲಿ ಉಕ್ರೇನ್‌ಗೆ 5,000 ಕೋಟಿ ಯೂರೊ ನೆರವನ್ನು ಮಾತ್ರ ಓರ್ಬಾನ್ ತಡೆದರು. ಅದಕ್ಕೆ ಅವರು ಒಪ್ಪಿದ್ದು 2024ರ ಫೆಬ್ರುವರಿ 1ರಂದು.

ಪ್ರಶ್ನೆ: ಹಾಗಾದರೆ ವೀಟೊವನ್ನೇ ತೆಗೆದುಹಾಕಬಾರದೇಕೆ?

ಉತ್ತರ: ತೆಗೆಯಲೂ ಸರ್ವಾನುಮತ ಬೇಕು! 2009ರಲ್ಲಿ ಜಾರಿಯಾದ, ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ಒಂದು ಒಳದಾರಿ ಕೊಟ್ಟಿದೆ: ಎಲ್ಲ ನಾಯಕರೂ ಒಪ್ಪಿದರೆ ಒಂದು ವಿಷಯವನ್ನು ಅರ್ಹ ಬಹುಮತಕ್ಕೆ ದಾಟಿಸಬಹುದು. ಆದರೆ ಆರು ತಿಂಗಳೊಳಗೆ ಯಾವುದೇ ಒಂದು ದೇಶದ ಸಂಸತ್ತು ಆಕ್ಷೇಪಿಸಿದರೆ ಅದು ಬಿದ್ದುಹೋಗುತ್ತದೆ. ರಕ್ಷಣಾ ವಿಷಯಕ್ಕೆ ಈ ದಾರಿಯೂ ಇಲ್ಲ.

ತೆರಿಗೆಯಲ್ಲಿ ವೀಟೊ ಉಳಿಯಬೇಕೆಂದೇ ನಮ್ಮ ಅಭಿಪ್ರಾಯ. ತೆರಿಗೆ ಹಾಕುವವರನ್ನು ಇಳಿಸುವ ಅಧಿಕಾರ ಆ ದೇಶದ ಮತದಾರರ ಕೈಯಲ್ಲೇ ಇರಬೇಕು. ವಿದೇಶಾಂಗ ನಿರ್ಬಂಧಗಳ ಮಾತು ಬೇರೆ. 2014ರಲ್ಲಿ ರಷ್ಯಾ ಮೇಲೆ ಹೇರಿದ ಆರ್ಥಿಕ ನಿರ್ಬಂಧಗಳನ್ನು ಆರು ತಿಂಗಳಿಗೊಮ್ಮೆ ಸರ್ವಾನುಮತದಿಂದ ನವೀಕರಿಸುತ್ತ ಬರಲಾಯಿತು. ಪ್ರತಿ ನವೀಕರಣವೂ ಬೇರೆ ಯಾವುದೋ ಬೇಡಿಕೆ ಮುಂದಿಟ್ಟು ಚೌಕಾಸಿ ಮಾಡಲು ಅವಕಾಶ ಕೊಡುತ್ತದೆ. ಅಲ್ಲಿ ವೀಟೊ ಸಡಿಲಿಸುವುದೇ ಸರಿ.

ಪ್ರಶ್ನೆ: ಒಕ್ಕೂಟದಿಂದ ಹೊರಹೋಗಲು ಉಳಿದವರ ಅನುಮತಿ ಬೇಕೆ?

ಉತ್ತರ: ಬೇಡ. ಒಕ್ಕೂಟದ ಮೂಲ ಒಪ್ಪಂದದ 50ನೇ ವಿಧಿಯಂತೆ ನೋಟಿಸ್ ಕೊಟ್ಟರೆ, ನಿರ್ಗಮನದ ಷರತ್ತುಗಳ ಬಗ್ಗೆ ಒಪ್ಪಂದ ಆಗದಿದ್ದರೂ ಎರಡು ವರ್ಷಕ್ಕೆ ಸದಸ್ಯತ್ವ ಮುಗಿಯುತ್ತದೆ. ಆ ಗಡುವು ವಿಸ್ತರಿಸಲು ಮಾತ್ರ ಉಳಿದ ಎಲ್ಲ ದೇಶಗಳೂ ಒಪ್ಪಬೇಕು. ಬ್ರಿಟನ್ 2017ರ ಮಾರ್ಚ್ 29ರಂದು ನೋಟಿಸ್ ಕೊಟ್ಟು 2020ರ ಜನವರಿ 31ರಂದು ಹೊರಬಂತು. ನಡುವೆ ಕೇಳಿದ ಪ್ರತಿ ವಿಸ್ತರಣೆಗೂ ಉಳಿದ 27 ದೇಶಗಳ ಒಪ್ಪಿಗೆಗೆ ಅದು ಕಾಯಬೇಕಾಯಿತು.