ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.72 ಎಂದು ಶುರುವಾಗುತ್ತಿದೆ, ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ಕಳಿಸುವ ನಿಯಮ ಹಾಕಿದರೂ) ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್ ಹೊರಗಿನಿಂದ ತೆರೆಯುತ್ತಿಲ್ಲ, ಯಾಕೆ?

ನಿಮ್ಮ ಸೆಟ್ಟಿಂಗ್‌ನಲ್ಲಿ ತಪ್ಪಿರಲಿಕ್ಕಿಲ್ಲ. ರೂಟರ್‌ಗೆ ಪಬ್ಲಿಕ್ ಐಪಿಯೇ (ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೂ ತಲುಪಬಹುದಾದ ವಿಳಾಸ) ಸಿಕ್ಕಿಲ್ಲ, ಅದೇ ತೊಂದರೆ.

ಮನೆ, ಆಫೀಸುಗಳ ಒಳಗಿನ ಬಳಕೆಗೆಂದು 1996ರಲ್ಲೇ ಮೂರು ಸಾಲು ವಿಳಾಸಗಳನ್ನು ಎತ್ತಿಟ್ಟಿದ್ದಾರೆ: ಮೊದಲ ಸಂಖ್ಯೆ 10 ಆಗಿರುವ ಎಲ್ಲವೂ, 172.16ರಿಂದ 172.31ರವರೆಗೆ, ಮತ್ತು 192.168. (172 ಅಂದರೆ ಪ್ರೈವೇಟ್ ಎಂದುಕೊಳ್ಳುವವರು ಬಹಳ; 172.32 ಪಬ್ಲಿಕ್.) ಇವು ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೇ ಬಳಕೆಯಲ್ಲಿರುತ್ತವೆ, ಹಾಗಾಗಿ ಇಂಟರ್ನೆಟ್ಟಿನಲ್ಲಿ ಇವಕ್ಕೆ ದಾರಿಯಿಲ್ಲ. ಪಬ್ಲಿಕ್ ವಿಳಾಸ ಮಾತ್ರ ಒಬ್ಬರಿಗಿದ್ದದ್ದು ಜಗತ್ತಿನಲ್ಲಿ ಇನ್ನೊಬ್ಬರಿಗಿರುವುದಿಲ್ಲ.

ನಿಮ್ಮ 100.72 ನಾಲ್ಕನೆಯ ಸಾಲಿನದು. 2011ರ ಫೆಬ್ರವರಿಯಲ್ಲಿ, ಜಗತ್ತಿಗೆ ಐಪಿ ವಿಳಾಸ ಹಂಚುವ ಸಂಸ್ಥೆಯಾದ ಐಎಎನ್‌ಎ ಬಳಿಯ ಐಪಿವಿ4 (ಇಂಥ ವಿಳಾಸಗಳ ಹಳೆಯ ಮಾದರಿ) ದಾಸ್ತಾನು ಮುಗಿಯಿತು. ಮರುವರ್ಷ 100.64ರಿಂದ 100.127ರವರೆಗಿನದನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಬಿಟ್ಟುಕೊಟ್ಟರು. ಒಂದು ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುವ ಈ ಏರ್ಪಾಡೇ ಸಿಜಿ-ನ್ಯಾಟ್. ನಿಮ್ಮಿಂದ ಹೊರಡುವ ಪ್ಯಾಕೆಟ್ (ಡೇಟಾದ ತುಣುಕು) ಕಂಪನಿಯ ಯಂತ್ರದ ಪಟ್ಟಿಯಲ್ಲಿ ಒಂದು ನಮೂದು ಬರೆಸಿಕೊಂಡು ಹೋಗುತ್ತದೆ, ಉತ್ತರ ಅದೇ ನಮೂದು ಹಿಡಿದು ವಾಪಸ್ ಬರುತ್ತದೆ. ಆದ್ದರಿಂದ ಬ್ರೌಸಿಂಗ್‌ಗೆ ಅಡ್ಡಿಯಿಲ್ಲ. ಹೊರಗಿನಿಂದ ತಾನಾಗಿ ಬರುವ ಪ್ಯಾಕೆಟ್‌ಗೆ ಅಲ್ಲಿ ನಮೂದಿಲ್ಲ, ಅದು ಅಲ್ಲೇ ಬಿದ್ದುಹೋಗುತ್ತದೆ. ನೀವು ಬರೆದ ಪೋರ್ಟ್ ಫಾರ್ವರ್ಡ್ ನಿಯಮ ಇರುವುದು ನಿಮ್ಮ ರೂಟರ್‌ನಲ್ಲಿ, ಪ್ಯಾಕೆಟ್ ಅಲ್ಲಿಯವರೆಗೆ ಬರುವುದೇ ಇಲ್ಲ. ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಸ್ಥಿರ ಹೆಸರು ಕೊಡುವ ಸೇವೆ) ಹಾಕಿದರೂ ಇಲ್ಲಿ ಉಪಯೋಗವಿಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ವ್ಯಾನ್ ಐಪಿ 192.168 ಎಂದು ಬರುತ್ತಿದ್ದರೆ ಕಥೆ ಬೇರೆ. ಆಗ ಸಾಮಾನ್ಯವಾಗಿ ಫೈಬರ್ ಪೆಟ್ಟಿಗೆಯೂ ರೂಟರ್ ಕೆಲಸ ಮಾಡುತ್ತಿರುತ್ತದೆ. ಅದನ್ನು, ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ವ್ಯಾನ್ ಐಪಿ ಮತ್ತೆ ನೋಡಿ.

ನಿಮಗಿರುವ ನೇರ ದಾರಿ, ಕಂಪನಿಯವರಿಂದ ಪಬ್ಲಿಕ್ ಐಪಿ ಕೇಳುವುದು. ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕ ಇರುತ್ತದೆ. ಐಪಿವಿ6 (ಧಾರಾಳ ವಿಳಾಸಗಳಿರುವ ಹೊಸ ಮಾದರಿ) ಇದ್ದರೆ ಹೀಗೆ ಒಂದು ಐಪಿ ಹಂಚುವ ನ್ಯಾಟ್ ಗೊಡವೆಯಿಲ್ಲ, ಆದರೆ ಡಿವಿಆರ್, ನೀವು ನೋಡುವ ಫೋನಿನ ನೆಟ್‌ವರ್ಕ್ ಎರಡರಲ್ಲೂ ಅದು ಇರಬೇಕು, ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಬಿಡಬೇಕು.

ನಾನಾದರೆ, ಹೊರಗಿರುವ ಫೋನನ್ನು ಮನೆಯ ನೆಟ್‌ವರ್ಕ್‌ಗೆ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಆರಿಸುತ್ತೇನೆ. ಮನೆಯಲ್ಲಿ ಸದಾ ಆನ್ ಇರುವ ಪುಟ್ಟ ಕಂಪ್ಯೂಟರ್, ಅಂದರೆ ಒಂದು ರಾಸ್ಪ್‌ಬೆರಿ ಪೈ ಸಾಕು. ಅದರಲ್ಲಿ ಹಾಕಿ, ಮನೆಯ ಸಬ್‌ನೆಟ್ಟನ್ನು (ಮನೆಯೊಳಗಿನ ವಿಳಾಸಗಳ ಸಾಲನ್ನು) ಅದರ ಮೂಲಕ ರೂಟ್ ಮಾಡಿ, ಫೋನಿನಲ್ಲೂ ಆ್ಯಪ್ ಹಾಕಿಕೊಳ್ಳಿ. ಮೊದಲು ಮನೆಯ ಸಾಲನ್ನು 192.168.1ರಿಂದ 192.168.37ರಂಥದ್ದಕ್ಕೆ ಬದಲಿಸಿ, ಆಫೀಸಿನ ವೈಫೈಯೂ 192.168.1 ಆಗಿದ್ದರೆ ಫೋನು ಡಿವಿಆರ್ ಅನ್ನು ಆಫೀಸಿನಲ್ಲೇ ಹುಡುಕುತ್ತಿರುತ್ತದೆ.

ಪಬ್ಲಿಕ್ ಐಪಿಯೇ ಬೇಕೆಂದಾದರೆ, ಪೋರ್ಟ್ ತೆರೆಯುವ ಮುನ್ನ ಡಿವಿಆರ್‌ನ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಮಾಲ್‌ವೇರ್ ಇಂಥ ಪಾಸ್‌ವರ್ಡ್‌ಗಳಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು.