ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮಿಲ್ ಸ್ಟ್ರೈಕ್ ಬರೀ ಸಂಬಳಕ್ಕಾ?

ಪ್ರಶ್ನೆ: ನಮ್ಮಜ್ಜ ಮುಂಬೈ ಪರೇಲ್‌ನ ಬಟ್ಟೆ ಮಿಲ್‌ನಲ್ಲಿ ಬದಲಿ ಕೆಲಸಕ್ಕಿದ್ರು, 82ರ ಸ್ಟ್ರೈಕ್‌ನಲ್ಲಿ ಊರಿಗೆ ವಾಪಸ್ ಹೋದ್ರಂತೆ. ಅಷ್ಟು ದೊಡ್ಡ ಗಲಾಟೆ ಬರೀ ಸಂಬಳಕ್ಕಾ ಸರ್?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಂಬಳ, ಬೋನಸ್ ಇತ್ತು ಮಾರಾಯ್ರೇ, ಆದ್ರೆ ಗಂಟು ಬಿದ್ದಿದ್ದು ಬೇರೆ ಕಡೆ. 1946ರ ಬಾಂಬೆ ಇಂಡಸ್ಟ್ರಿಯಲ್ ರಿಲೇಷನ್ಸ್ ಕಾಯ್ದೆ ಪ್ರಕಾರ ಮಾನ್ಯತೆ ಸಿಕ್ಕಿದ ಯೂನಿಯನ್ ಒಂದೇ ಮಾಲೀಕರ ಜೊತೆ ಮಾತಾಡ್ಬಹುದು, ಆ ಮಾನ್ಯತೆ ಇದ್ದಿದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ, ಕಾರ್ಮಿಕರು ಹೋಗಿ ನಿಂತಿದ್ದು ಮಾತ್ರ ಆ ಸಂಘದವರಲ್ಲದ ಕಾರ್ಮಿಕ ನಾಯಕ ಡಾಕ್ಟರ್ ದತ್ತಾ ಸಾಮಂತ್ ಹಿಂದೆ, ಹಾಗಾಗಿ ಲಕ್ಷಾಂತರ ಜನ ಒಪ್ಪಿದ ಲೀಡರ್ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ! ಆ ಕಾಯ್ದೆ ತೆಗೀರಿ ಅನ್ನೋದೂ ಬೇಡಿಕೆನೇ ಆಗಿತ್ತು.

1982ರ ಜನವರಿ 18ಕ್ಕೆ ಶುರುವಾಯ್ತು, ಸುಮಾರು ಎರಡೂವರೆ ಲಕ್ಷ ಜನ ಹೊರಗೆ. ವರ್ಷ ದಾಟಿದ್ರೂ ಸರ್ಕಾರ ಬಗ್ಗಲಿಲ್ಲ. ಅಧಿಕೃತವಾಗಿ ವಾಪಸ್ ತಗೊಳ್ಳದೇನೇ ಸ್ಟ್ರೈಕ್ ಕರಗಿಹೋಯ್ತು, ಸಾವಿರಾರು ಜನ ಕೆಲಸ ಕಳ್ಕೊಂಡ್ರು.

ಬದಲಿಯವರ ಪಾಡಂತೂ ಕೇಳ್ಬೇಡಿ. ರಜೆ ಹಾಕ್ದೋರ ಜಾಗ ಸಿಕ್ಕುತ್ತೇನೋ ಅಂತ ದಿನಾ ಗೇಟ್ ಹತ್ರ ಕಾಯ್ಬೇಕು, ಸಿಗದಿದ್ರೆ ಆ ದಿನದ ಕೂಲಿ ಇಲ್ಲ. ಸಾಮಂತರು ತಪ್ಪೇ ಮಾಡ್ಲಿಲ್ಲ ಅಂತ ನಾನನ್ನಲ್ಲ, ಮಧ್ಯೆ ನಿಲ್ಸೋಕೆ ದಾರಿನೇ ಇಟ್ಕೊಂಡಿರ್ಲಿಲ್ಲ. ಅಜ್ಜನ ಹಳೇ ಗೇಟ್‌ಪಾಸ್ ಏನಾದ್ರೂ ಟ್ರಂಕಲ್ಲಿದ್ರೆ ಎಸೀಬೇಡಿ.