ನಾಟಿ ಮಾಡಿ ಬಂದ ಮೇಲೆ ಜ್ವರ: ಇಲಿ ಜ್ವರ ಇರಬಹುದೇ?

ಪ್ರಶ್ನೆ: ನಮ್ಮೂರಲ್ಲಿ ನಾಟಿಗೆ ಹೋಗಿದ್ದವರೊಬ್ಬರಿಗೆ ಇಲಿ ಜ್ವರ ಬಂದು ಡಯಾಲಿಸಿಸ್‌ವರೆಗೆ ಹೋಯಿತು. ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದೇ ಬಂದಿತ್ತಂತೆ. ಇದನ್ನು ಬೇಗ ಗುರುತಿಸುವುದು ಹೇಗೆ?
ಓದುಗರು, ಉಡುಪಿ ಜಿಲ್ಲೆ

ಉತ್ತರ: ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಲಿ, ಹೆಗ್ಗಣಗಳ ಮೂತ್ರದ ಜೊತೆ ಅದು ಗದ್ದೆಯ ನೀರು ಸೇರುತ್ತದೆ. ದನ, ನಾಯಿ, ಹಂದಿಗಳಿಂದಲೂ ಬರಬಹುದು. ಒಣ ನೆಲದಲ್ಲಿ ಬೇಗ ಸಾಯುತ್ತದೆ, ಒದ್ದೆ ಕೆಸರಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಹಿಮ್ಮಡಿಯ ಒಡಕು, ತರಚುಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ ಇವೇ ಅದು ಒಳಹೊಗುವ ದಾರಿಗಳು.

ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ವಾಂತಿ ಶುರುವಾಗುತ್ತವೆ. ಇಷ್ಟಾದರೆ ಡೆಂಗಿಯಂತೆಯೇ ಕಾಣುತ್ತದೆ. ಹಾಗಾಗಿ ಎರಡು ಗುರುತು ನೆನಪಿಡಿ. ಮೀನಖಂಡ ಒತ್ತಿದರೆ ಕೈ ಹಾಕಗೊಡದಷ್ಟು ನೋವು, ಮತ್ತು ಪಿಸುರು ಬಾರದೆ ಬರೀ ಕೆಂಪೇರಿದ ಕಣ್ಣು. ಎಲ್ಲರಲ್ಲೂ ಇವು ಕಾಣುತ್ತವೆ ಎಂದಲ್ಲ. ಆದ್ದರಿಂದ 'ಗದ್ದೆಗೆ ಇಳಿದಿದ್ದೆ', 'ಕೊಟ್ಟಿಗೆ ತೊಳೆದಿದ್ದೆ' ಎಂಬ ಮಾತನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಚಿಕಿತ್ಸೆಯ ದಿಕ್ಕನ್ನೇ ಅದು ಬದಲಿಸಬಹುದು.

ಪರೀಕ್ಷೆ ಸುಳ್ಳು ಹೇಳಿತು ಅಂತಲ್ಲ. ಐಜಿಎಂ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗುವಷ್ಟು ಬೆಳೆಯಲು ಜ್ವರ ಶುರುವಾದಲ್ಲಿಂದ 5ರಿಂದ 7 ದಿನ ಬೇಕು. ಮೊದಲ ವಾರ, ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಹೆಚ್ಚು ಉಪಯುಕ್ತ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಔಷಧಿ ಶುರು ಮಾಡುವುದೇ ಸರಿ.

ರೋಗ ಸೌಮ್ಯವಾಗಿದ್ದಾಗ ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆರಡು ಬಾರಿ, 7 ದಿನ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಬೇಡಿ. ತುಂಬು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಜೊತೆಗೆ ಬೇಡ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ವೈದ್ಯರು ಅಮಾಕ್ಸಿಸಿಲಿನ್ ಅಥವಾ ಅಜಿತ್ರೊಮೈಸಿನ್ ಕೊಡುತ್ತಾರೆ. ರೋಗ ತೀವ್ರವಾದರೆ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಅನ್ನು ರಕ್ತನಾಳಕ್ಕೇ ಕೊಡಬೇಕು.

ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗುವುದು ಇಲ್ಲಿ ದೊಡ್ಡ ತಪ್ಪು. ಮೊದಲೇ ಏಟು ತಿಂದಿರುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು. ಇನ್ನೊಂದು ತಪ್ಪೆಂದರೆ, ಕಣ್ಣು ಹಳದಿಯಾದಾಗ ಕಾಮಾಲೆಯೆಂದು ನೆಲನೆಲ್ಲಿ ಕಷಾಯ ಕುಡಿದು ಪಥ್ಯ ಮಾಡುತ್ತಾ ದಿನ ಕಳೆಯುವುದು. ಜ್ವರದ ಜೊತೆ ಬಂದ ಹಳದಿ, ಕಡಿಮೆಯಾದ ಮೂತ್ರ, ಉಬ್ಬಸ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ. ಡಯಾಲಿಸಿಸ್ ಬೇಕಾದರೂ ಹೆದರಬೇಡಿ, ಬದುಕುಳಿದವರಲ್ಲಿ ಬಹುತೇಕರ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ರೋಗಿಯನ್ನು ನೋಡಿಕೊಳ್ಳುವವರಿಗೂ ಅಂಟುತ್ತದೆಯೇ?

ಉತ್ತರ: ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ರೋಗಿಯ ಮೂತ್ರ ಮುಟ್ಟಿದರೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಸಾಕು.

ಪ್ರಶ್ನೆ: ಮುನ್ನೆಚ್ಚರಿಕೆಯ ಮಾತ್ರೆ ಇದೆಯಂತೆ?

ಉತ್ತರ: ಇದೆ. ಕೆಸರಿನಲ್ಲಿ ಕೆಲಸ ಇರುವಷ್ಟು ವಾರ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ., ವಾರಕ್ಕೊಮ್ಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ. ಮಾತ್ರೆ ನುಂಗಿದ್ದೇವೆಂದು ಗಂಬೂಟು ಬಿಡಬೇಡಿ, ಕಾಲಿನ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿಯೇ ಗದ್ದೆಗಿಳಿಯಿರಿ.